ಊರಿಗೊಂದೇ ವಿಳಾಸ

ಪುತ್ತೂರಿನ ದರ್ಬೆಯಲ್ಲಿ ಫಾತಿಮತ್ ಝುಹ್ರಾಳ ಅಂಗಡಿ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಅಂಗಡಿಯ ಹೆಸರೇನು ಎಂದು ಕೇಳಿದರೆ ಮಾತ್ರ ಯಾರಿಗೂ ಗೊತ್ತಿಲ್ಲ. ಹೆಸರು ಬರೆದ ಬೋರ್ಡು ಗಾಳಿಗೆ ಬಿದ್ದ ಮೇಲೆ ಅವಳು ಮತ್ತೆ ಹಾಕಿಸಲಿಲ್ಲ, ಹಾಕಿಸುವ ಅಗತ್ಯವೂ ಬೀಳಲಿಲ್ಲ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವವರು, ಮಗಳ ಸ್ಕಾಲರ್‌ಶಿಪ್ಪಿಗೆ ಓಡಾಡುವವರು, ಪಹಣಿ ಬೇಕಾದವರು, ದುಬೈಗೆ ಟಿಕೆಟ್ ಮಾಡಿಸುವವರು ಎಲ್ಲರೂ ಸೀದಾ ಬಂದು ಅವಳ ಎದುರಿನ ಸ್ಟೂಲಿನ ಮೇಲೆ ಕೂತುಬಿಡುತ್ತಾರೆ. ಝುಹ್ರಾ ಹುಟ್ಟಿದ್ದು ಕಡಬದ ಇಚಿಲಂಪಾಡಿಯಲ್ಲಿ. ಟೈಪಿಂಗ್ ಕಲಿತದ್ದು ಮದುವೆಯಾಗಿ ದರ್ಬೆಗೆ ಬಂದ ಮೇಲೆ. ಗಂಡ ಸಫೀರ್‌ಗೆ ಒಣಮೀನಿನ ವ್ಯಾಪಾರ. ಮೀನಿನ ವಾಸನೆಯಿಂದ ತಪ್ಪಿಸಿಕೊಳ್ಳುವುದಕ್ಕೇ ತಾನು ಕಂಪ್ಯೂಟರ್ ಇಟ್ಟುಕೊಂಡದ್ದು ಎಂದು ಅವಳು ಅವನ ಎದುರಿನಲ್ಲೇ ಹೇಳುವುದುಂಟು.

ಅವಳ ಕಸುಬಿನಲ್ಲಿ ಒಂದು ಪದ್ಧತಿ ತಾನಾಗಿಯೇ ಬೆಳೆದುಬಿಟ್ಟಿತ್ತು. ಈ ಕಾಲದ ಅರ್ಜಿಗಳಿಗೆ ಮನುಷ್ಯನ ಹೆಸರು, ತಂದೆಯ ಹೆಸರು, ಊರು ಯಾವುದೂ ಸಾಲುವುದಿಲ್ಲ. ಕೋಳಿ ಸಾಕುವ ಸಹಾಯಧನಕ್ಕೂ ಇಮೇಲ್ ವಿಳಾಸ ಬೇಕು. ಎಪ್ಪತ್ತು ದಾಟಿದ ಬ್ಯಾರಿಯೊಬ್ಬರು ಸ್ಟೂಲಿನ ಮೇಲೆ ಕೂತಿದ್ದಾಗ ಆ ಖಾನೆ ಬಂದರೆ ಝುಹ್ರಾ ಏನು ಮಾಡಬೇಕು? ಮೊದಮೊದಲು ಪ್ರತಿಯೊಬ್ಬರಿಗೂ ಒಂದೊಂದು ವಿಳಾಸ ಮಾಡಿಕೊಟ್ಟಳು. ಅವರು ಅದನ್ನೂ ಅದರ ಪಾಸ್‌ವರ್ಡನ್ನೂ ಮನೆ ಮುಟ್ಟುವ ಮೊದಲೇ ಮರೆತರು. ಕೊನೆಗೆ ಅವಳು ಸೋತು, ಅಂಗಡಿಯ ವಿಳಾಸವನ್ನೇ ಎಲ್ಲರ ಖಾನೆಯಲ್ಲೂ ಬರೆಯತೊಡಗಿದಳು. ಜನರಿಗೂ ಅದೇ ಆರಾಮವಾಯಿತು. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಕೇಳಿದರೂ ಅವರು ಬಾಯಿಪಾಠ ಮಾಡಿದವರಂತೆ ಅದೇ ವಿಳಾಸ ಹೇಳಿದರು. ಹೀಗೆ ಅರ್ಧ ಪುತ್ತೂರಿನ ಮೇಲ್ ಝುಹ್ರಾಳ ಒಂದೇ ಡಬ್ಬಿಗೆ ಬಂದು ಬೀಳುವಂತಾಯಿತು. ಯಾರ ವೀಸಾ ಬಂತು, ಯಾರ ಮಗ ಫೇಲಾದ, ಯಾರ ರಕ್ತದಲ್ಲಿ ಎಷ್ಟು ಸಕ್ಕರೆ ಎಂಬುದೆಲ್ಲ ಅವಳಿಗೆ ಗೊತ್ತು. ಒಂದು ಮಾತು ಅವಳ ಬಾಯಿಂದ ಹೊರಗೆ ಬಿದ್ದದ್ದಿಲ್ಲ.

ಆ ಡಬ್ಬಿಗೆ ಅಪರೂಪಕ್ಕೆ ಬರುವ ಮೇಲ್‌ಗಳಲ್ಲಿ ಸಾಬಿತ್‌ನದ್ದೂ ಒಂದು. ಸಾಬಿತ್ ಇಚಿಲಂಪಾಡಿಯ ಆಯಿಶಮ್ಮನವರ ಒಬ್ಬನೇ ಮಗ, ಝುಹ್ರಾಳ ತವರಿನ ಪಕ್ಕದ ಮನೆಯವನು. ಸರಕು ಸಾಗಿಸುವ ಹಡಗಿನಲ್ಲಿ ಅಡುಗೆಯವನಾಗಿ ತಿಂಗಳುಗಟ್ಟಲೆ ಸಮುದ್ರದ ಮೇಲೆಯೇ ಇರುತ್ತಿದ್ದ. ಹಳೆಯ ಹಡಗು. ನಡುಸಮುದ್ರದಲ್ಲಿ ಅಲ್ಲಿಂದ ಫೋನ್ ಮಾಡುವ ಹಾಗಿಲ್ಲ, ವಾಟ್ಸಾಪ್ ಇಲ್ಲ, ಕೆಲಸಗಾರರಿಗೆ ಹಡಗಿನ ಆಫೀಸಿನಿಂದ ಸಣ್ಣ ಮೇಲ್ ಕಳಿಸಲು ಮಾತ್ರ ಅವಕಾಶ. ಅವನ ತಾಯಿಗೆ ಓದಲು ಬಾರದು. ಆದ್ದರಿಂದ ಅವನು ಬರೆಯುವ ಬದಲು ತನ್ನ ಮಾತನ್ನೇ ರೆಕಾರ್ಡ್ ಮಾಡಿ ಮೇಲಿಗೆ ಸೇರಿಸಿ ಕಳಿಸುತ್ತಿದ್ದ. ಅವನ ತಂದೆ ಪೋಕರ್ ಬ್ಯಾರಿ ಗಲ್ಫಿನಲ್ಲಿದ್ದ ಕಾಲದಲ್ಲಿ ಊರಿಗೆ ಬರುವವರ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ ಕಳಿಸುತ್ತಿದ್ದರಂತೆ, ಅದೇ ರೂಢಿ ಮಗನಿಗೂ ಬಂದಿತ್ತು. ಪೋಕರ್ ಬ್ಯಾರಿ ತೀರಿಹೋದ ಮೇಲೆ ಆಯಿಶಮ್ಮ ತಿಂಗಳಿಗೊಮ್ಮೆ ಪುತ್ತೂರಿನ ಡಾಕ್ಟರರ ಹತ್ತಿರ ಬಂದವರು ಝುಹ್ರಾಳ ಅಂಗಡಿಗೂ ಬರುತ್ತಿದ್ದರು. ತಾಯಿಯಿಲ್ಲದ ಮೊಮ್ಮಗಳು ಆಫ್ರಾಳ ಮೊಬೈಲಿಗೆ ಕಳಿಸುತ್ತೇನೆ ಎಂದರೆ ಅವರಿಗೆ ಸಮಾಧಾನವಿಲ್ಲ. ಮೊಬೈಲಿನಲ್ಲಿ ಮಗನ ಸ್ವರ ಸೊಳ್ಳೆ ಕೂಗಿದ ಹಾಗಂತೆ. ಝುಹ್ರಾಳ ಅಂಗಡಿಯ ದೊಡ್ಡ ಸ್ಪೀಕರಿನಲ್ಲಿಯೇ ಕೇಳಬೇಕು, ಎರಡು ಸಲ ಕೇಳಬೇಕು, ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಬಸ್ ಹತ್ತಬೇಕು.

ಈಗ ನೀಲಿ ಹಕ್ಕಿಯ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ದಿನ ಆ ಮೇಲ್ ಕಂಪನಿಯವರ ವ್ಯವಸ್ಥೆ ಕೈಕೊಟ್ಟಿತು. ಬೆಳಗ್ಗಿನಿಂದ ಪುಟ ತೆರೆಯಲೇ ಇಲ್ಲ, ಬಿಳಿ ಪರದೆಯ ಮಧ್ಯೆ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು. ಪರೀಕ್ಷೆಯ ಹಾಲ್ ಟಿಕೆಟ್ ಬೇಕಾದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ಅಳತೊಡಗಿದಳು. ಆಸ್ಪತ್ರೆಯ ಚೀಟಿಗೆ ಬಂದವರು, ಟಿಕೆಟಿಗೆ ಬಂದವರು ಎಲ್ಲ ಸೇರಿ ಅಂಗಡಿಯ ಎದುರು ಸಂತೆಯೇ ನೆರೆಯಿತು. ಮಧ್ಯಾಹ್ನದ ಹೊತ್ತಿಗೆ ಸರಿಯಾಯಿತು, ಹುಡುಗಿಗೆ ಪರೀಕ್ಷೆಯೂ ಸಿಕ್ಕಿತು. ಝುಹ್ರಾಳಿಗೆ ಮಾತ್ರ ಆ ದಿನ ಊಟ ಇಳಿಯಲಿಲ್ಲ. ಇಷ್ಟು ಜನರ ಬದುಕು ತನ್ನ ಕೈಯಲ್ಲಿದೆ ಎಂದುಕೊಂಡಿದ್ದಳು, ಅದು ನಿಜವಾಗಿ ಎಲ್ಲೋ ಕಣ್ಣಿಗೆ ಕಾಣದವರ ಕೈಯಲ್ಲಿತ್ತು.

ಪಕ್ಕದ ರಿಪೇರಿ ಅಂಗಡಿಯಲ್ಲಿ ಭವಿತ್ ಎಂಬ ಯುವಕ ಕೆಲಸಕ್ಕಿದ್ದ. ಸುಳ್ಯದ ಆಲೆಟ್ಟಿಯವನು, ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಝುಹ್ರಾಳ ಹತ್ತಿರ ಕನ್ನಡ. ಅವನು ಬಂದು ನೋಡಿ, ಬ್ರೌಸರಿನಲ್ಲೇ ಎಲ್ಲ ಓದುವುದು ಬಿಡಿ, ಮೇಲ್‌ಗಳ ಒಂದೊಂದು ಪ್ರತಿ ನಿಮ್ಮ ಯಂತ್ರದ ಹೊಟ್ಟೆಯಲ್ಲೇ ಇರುವಂತೆ ಒಂದು ತಂತ್ರಾಂಶ ಹಾಕಿಕೊಳ್ಳಿ ಎಂದ.

"ಅಕ್ಕಿ ಅಂಗಡಿಯಲ್ಲಿ ಉಂಟು ಅಂತ ಮನೆಯಲ್ಲಿ ಹುಲ್ಲಿನ ಮುಡಿ ಕಟ್ಟಿ ಇಡದೆ ಇರ್ತಾರಾ ಝುಹ್ರಕ್ಕ? ಹಾಗೆಯೇ ಇದು," ಎಂದ.

ಯಾವುದನ್ನು ಹಾಕುವುದು ಎಂಬುದಕ್ಕೆ ಒಂದು ವಾರ ಹಿಡಿಯಿತು. ಝುಹ್ರಾ ಹೆಣ್ಣು ನೋಡುವವರಿಗಿಂತ ಹೆಚ್ಚು ಚೌಕಾಸಿ ಮಾಡಿದಳು. ಒಂದು ತಂತ್ರಾಂಶ ಚೆನ್ನಾಗಿತ್ತು, ಆದರೆ ವರ್ಷವರ್ಷ ಹಣ ಕೇಳುತ್ತಿತ್ತು. ಇನ್ನೊಂದು ಪುಕ್ಕಟೆ, ಆದರೆ ಎಲ್ಲ ಮೇಲ್‌ಗಳನ್ನು ಮೊದಲು ತನ್ನ ಕಂಪನಿಯ ಮನೆಗೆ ಹೊತ್ತುಕೊಂಡು ಹೋಗಿ ಆಮೇಲೆ ಇವಳಿಗೆ ತೋರಿಸುತ್ತಿತ್ತು. ಅದನ್ನು ಕೇಳಿದ್ದೇ ಅವಳು ತೆಗೆಸಿಬಿಟ್ಟಳು. ಮತ್ತೊಂದರಲ್ಲಿ ಕನ್ನಡದ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು, 'ಪುತ್ತೂರು' ಎಂಬುದು ಅಪಘಾತವಾದ ಹಾಗೆ ಕಾಣುತ್ತಿತ್ತು. ಕೊನೆಗೆ ಉಳಿದದ್ದು ಥಂಡರ್‌ಬರ್ಡ್. ಲಕೋಟೆಯನ್ನು ಅಪ್ಪಿಕೊಂಡ ನೀಲಿ ಹಕ್ಕಿಯ ಚಿತ್ರದ್ದು. ಹಣವಿಲ್ಲ, ಜಾಹೀರಾತಿಲ್ಲ, ಹಳೆಯ ಯಂತ್ರದಲ್ಲೂ ಏದುಸಿರು ಬಿಡದೆ ನಡೆಯುತ್ತಿತ್ತು. ಅದು ಓಪನ್ ಸೋರ್ಸ್, ಅದನ್ನು ಹೇಗೆ ಬರೆದಿದ್ದಾರೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು ಎಂದು ಭವಿತ್ ಹೇಳಿದಾಗ ಝುಹ್ರಾ ಹುಬ್ಬು ಗಂಟಿಕ್ಕಿದಳು. ಯಾರು ಬೇಕಾದರೂ ನೋಡುವುದಾದರೆ ಅದು ಬಾಗಿಲಿಲ್ಲದ ಮನೆಯಲ್ಲವೇ ಎಂದು ಕೇಳಿದಳು.

"ಅಲ್ಲ ಅಕ್ಕ. ಬಾಗಿಲು ಹೇಗೆ ಮಾಡಿದ್ದು ಅಂತ ಎಲ್ಲರಿಗೂ ಗೊತ್ತುಂಟು. ಬೀಗದ ಕೈ ನಿಮ್ಮ ಹತ್ರ ಮಾತ್ರ ಇರುದು."

ಆ ಉತ್ತರ ಅವಳಿಗೆ ಹಿಡಿಸಿತು. ಯಂತ್ರ ಹಚ್ಚಿದ ಕೂಡಲೇ ಹಕ್ಕಿ ತಾನಾಗಿ ಎದ್ದು ಬರುವಂತೆ, ಬಂದ ಮೇಲ್‌ಗಳನ್ನೆಲ್ಲ ಒಳಗೆ ತಂದಿಡುವಂತೆ ಭವಿತ್ ಮಾಡಿಕೊಟ್ಟ. ಹೊಸ ಮೇಲ್ ಬಂದರೆ ಪರದೆಯ ಕೆಳಗಿನ ಬಲಮೂಲೆಯಲ್ಲಿ ಒಂದು ಸಣ್ಣ ಚೌಕ ಎದ್ದು ಯಾರದ್ದು, ಏನು ಎಂದು ತೋರಿಸಿ ಅಡಗುತ್ತಿತ್ತು. ಅದಾದ ಮೇಲೆ ಬಹಳ ಕಾಲ ಝುಹ್ರಾ ನಿಶ್ಚಿಂತೆಯಿಂದ ನಿದ್ದೆ ಮಾಡಿದಳು.

ಮನುಷ್ಯನಿಗೆ ನಿಶ್ಚಿಂತೆ ಬಂದರೆ ಜೊತೆಗೆ ಉದಾಸೀನವೂ ಬರುತ್ತದೆ. ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದನ್ನು ಭವಿತ್ ತನ್ನ ತಂಗಿ ನವ್ಯಾಳ ಓದಿಗೆಂದು ಕೇಳಿದ, ಝುಹ್ರಾ ಸಂತೋಷದಿಂದ ಕೊಟ್ಟಳು. ಹೊಸದಕ್ಕೂ ಹಕ್ಕಿ ಹಾಕಿಕೊಡು ಎಂದಳು, ನಾಳೆ ಹಾಕುತ್ತೇನೆ ಎಂದ. ಆ ನಾಳೆ ಬರುವ ಮೊದಲೇ ಅವನು ಕಡಬದಲ್ಲಿ ಸಿಸಿ ಕ್ಯಾಮೆರಾ ಜೋಡಿಸುವ ಸ್ವಂತ ಕೆಲಸ ಶುರುಮಾಡಿದ. ಬ್ರೌಸರಿನಲ್ಲಿ ಹೇಗೂ ಮೇಲ್ ಕಾಣುತ್ತಿತ್ತು. ಝುಹ್ರಾ ಮರೆತಳು. ಹಳೆಯ ಯಂತ್ರವನ್ನು ಕೊಡುವಾಗ ಅದರಿಂದ ತನ್ನ ಮೇಲ್ ಖಾತೆಯನ್ನು ತೆಗೆಯಬೇಕು ಎಂಬುದಂತೂ ಇಬ್ಬರಿಗೂ ಹೊಳೆಯಲೇ ಇಲ್ಲ.

ಎರಡು ವರ್ಷ ಹಾಗೆಯೇ ಕಳೆಯಿತು. ಆಫ್ರಾಳ ಮದುವೆ ನಿಶ್ಚಯವಾಯಿತು. ಹುಡುಗ ಉಪ್ಪಿನಂಗಡಿಯವನು, ಒಳ್ಳೆಯ ಮನೆತನ. ಸಾಬಿತ್ ರಜೆ ಸಿಗುತ್ತದೆ ಎಂದಿದ್ದ, ದಿನ ಹತ್ತಿರ ಬಂದಾಗ ಹಡಗು ಬೇರೆ ದಾರಿಗೆ ತಿರುಗಿ ರಜೆ ಹೋಯಿತು. ಮದುವೆ ಮುಂದೆ ಹಾಕೋಣವೆಂದರೆ ಹುಡುಗನೂ ಗಲ್ಫಿಗೆ ಮರಳಬೇಕು. ನಿಕಾಹ್‌ನಲ್ಲಿ ಮಗಳನ್ನು ಕೊಡುವ ಹಕ್ಕು ತಂದೆಯದ್ದು. ತಂದೆ ಬರಲಾಗದಿದ್ದರೆ ತನ್ನ ಬದಲಿಗೆ ಕೊಡಿ ಎಂದು ಇನ್ನೊಬ್ಬರಿಗೆ ವಕಾಲತ್ ಕೊಡಬಹುದು. ಸಾಬಿತ್ ಅದನ್ನು ತನ್ನ ಸ್ವರದಲ್ಲೇ ಖತೀಬರಿಗೆ ಕೊಡುತ್ತೇನೆ, ಮೇಲಿನಲ್ಲಿ ಕಳಿಸುತ್ತೇನೆ ಎಂದು ತಿಳಿಸಿದ. ನಿಕಾಹ್ ನಡೆಸುವ ಮಸೀದಿಯ ಖತೀಬರೂ ಅವನೂ ಒಂದೇ ಮದರಸದಲ್ಲಿ ಕಲಿತವರು, ಸ್ವರ ಕೇಳಿದರೆ ಅವರಿಗೆ ಗುರುತು ಸಿಗುತ್ತದೆ.

ಆ ಮೇಲ್ ಮದುವೆಗೆ ಕೆಲವು ದಿನ ಮೊದಲೇ ಬಂತು. ಝುಹ್ರಾ ಆಯಿಶಮ್ಮನವರಿಗೆ ಫೋನ್ ಮಾಡಿ ಹೇಳಿದಳು. ಈಗಲೇ ಆಫ್ರಾಳಿಗೆ ಕಳಿಸಲೇ ಎಂದೂ ಕೇಳಿದಳು. ಆಯಿಶಮ್ಮ ಒಪ್ಪಲಿಲ್ಲ. ಮಗಳನ್ನು ಕೊಡುವ ಮಾತು ಚಪ್ಪರದಲ್ಲಿ, ಸಾಕ್ಷಿಗಳ ಎದುರಲ್ಲಿ ಮೊದಲ ಸಲ ಕೇಳಬೇಕು. ಅಡುಗೆಮನೆಯಲ್ಲಿ ಮೊದಲೇ ಕೇಳಿ ಹಳತಾಗಿಸುವುದಲ್ಲ ಎಂದರು. ಝುಹ್ರಾಳಿಗೆ ಅದು ಸರಿಯೆನಿಸಿತು. ಅವಳು ಆ ಮೇಲನ್ನು ತೆರೆಯಲಿಲ್ಲ, ಕಾಪಿ ಮಾಡಲಿಲ್ಲ. ಡಬ್ಬಿಯಲ್ಲಿ ಉಂಟಲ್ಲ, ಎಲ್ಲಿಗೆ ಹೋಗುತ್ತದೆ ಎಂದುಕೊಂಡಳು.

ಭಾನುವಾರ ಬೆಳಗ್ಗೆ ಸಫೀರನ ಜೊತೆ ಇಚಿಲಂಪಾಡಿಗೆ ಹೋಗುವಾಗ ದೊಡ್ಡ ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಿದ್ದಳು. ಮನೆಯಂಗಳದಲ್ಲಿ ಚಪ್ಪರ ಹಾಕಿತ್ತು, ಹಿತ್ತಿಲಲ್ಲಿ ಬಿರಿಯಾನಿಯ ಒಲೆ ಉರಿಯುತ್ತಿತ್ತು. ಆಫ್ರಾಳಿಗೆ ಮದರಂಗಿಯ ಕೈ, ಬಾಡಿದ ಮುಖ. ಝುಹ್ರಾ ಸ್ಪೀಕರ್ ಜೋಡಿಸಿ, ಒಮ್ಮೆ ನೋಡಿಡೋಣ ಎಂದು ಮೊಬೈಲಿನಲ್ಲಿ ಮೇಲ್ ತೆರೆದಳು. ಚಕ್ರ ತಿರುಗಿತು. ಪಾಸ್‌ವರ್ಡ್ ಕೇಳಿತು, ಹಾಕಿದಳು, ಮತ್ತೆ ತಿರುಗಿತು. ಸಫೀರನ ಮೊಬೈಲಿನಲ್ಲಿ ನೋಡಿದಳು, ಅದೇ ಚಕ್ರ. ಅಷ್ಟರಲ್ಲಿ ಪುತ್ತೂರಿನಿಂದ ಒಂದೆರಡು ಫೋನ್ ಬಂದವು, ನಮ್ಮ ಮೇಲ್ ಬಂತಾ ನೋಡಿ ಝುಹ್ರಕ್ಕ, ಎಲ್ಲ ಕಡೆ ಹಾಳಾಗಿದೆಯಂತೆ ಎಂದು. ಮೇಲ್ ಕಂಪನಿಯವರು ತೊಂದರೆ ಗಮನಕ್ಕೆ ಬಂದಿದೆ, ಸರಿಪಡಿಸುತ್ತಿದ್ದೇವೆ ಎಂದು ಒಂದು ಸಾಲು ಹಾಕಿದ್ದರು. ಯಾವಾಗ ಸರಿಯಾಗುತ್ತದೆ ಎಂದು ಹಾಕಿರಲಿಲ್ಲ.

ಝುಹ್ರಾ ಸ್ಪೀಕರನ್ನು ಬಿಟ್ಟು ಎದ್ದಳು. ಒಳಗೆ ಹೋಗಿ ಆಯಿಶಮ್ಮನವರಿಗೆ ಹೇಳಿದಳು. ಸಫೀರ್ ಖತೀಬರಿಗೆ ಹೇಳಿದ. ಅವರು ತಾಳ್ಮೆಯ ಮನುಷ್ಯ. ಮಧ್ಯಾಹ್ನದ ನಮಾಜಿನವರೆಗೆ ಕಾಯೋಣ, ಆಗಲೂ ಆಗದಿದ್ದರೆ ತಂದೆ ದೂರದಲ್ಲಿದ್ದಾನೆಂಬ ಕಾರಣಕ್ಕೆ ಖಾಝಿಯವರ ಅಧಿಕಾರದಲ್ಲಿ ನಿಕಾಹ್ ನಡೆಸಲು ದಾರಿಯುಂಟು, ಧರ್ಮಕ್ಕೇನೂ ಅಡ್ಡಿಯಿಲ್ಲ ಎಂದರು. ಧರ್ಮಕ್ಕೆ ಅಡ್ಡಿಯಿರಲಿಲ್ಲ, ಆದರೆ ಆಫ್ರಾ ಅದನ್ನು ಕೇಳಿದಾಗ ತಂದೆಯನ್ನು ನೆನೆದು ಒಂದೇ ಮಾತು ಹೇಳಿದಳು.

"ಉಪ್ಪ ಇದ್ದೂ ಇಲ್ಲದವಳ ಹಾಗೆ ಹೋಗುದಾ ನಾನು?"

ಆಯಿಶಮ್ಮ ಝುಹ್ರಾಳ ಮುಖವನ್ನೊಮ್ಮೆ ನೋಡಿದರು, ಅಷ್ಟೆ. ಬೈದಿದ್ದರೆ ಝುಹ್ರಾಳಿಗೆ ಸುಲಭವಾಗುತ್ತಿತ್ತು. ಅವಳು ಹಿತ್ತಿಲಿಗೆ ಬಂದು ಪಾತ್ರೆಗಳ ಮಧ್ಯೆ ನಿಂತಳು. ಹಿಂದೆಯೊಮ್ಮೆ ಹೀಗೆಯೇ ಆಗಿತ್ತಲ್ಲ, ಆಗ ಬುದ್ಧಿ ಕಲಿತಿದ್ದೆನಲ್ಲ ಎಂದು ತನ್ನನ್ನು ತಾನೇ ಶಪಿಸಿಕೊಳ್ಳುತ್ತಿರುವಾಗ ನೀಲಿ ಹಕ್ಕಿಯ ನೆನಪಾಯಿತು.

ಭವಿತ್‌ಗೆ ಫೋನ್ ಹಚ್ಚಿದಳು. ಅವನು ಕಡಬದಲ್ಲಿ ಯಾರದೋ ಮನೆಯ ಮಾಡಿನ ಮೇಲೆ ಹತ್ತಿ ಕ್ಯಾಮೆರಾ ಜೋಡಿಸುತ್ತಿದ್ದ. ಹಳೆಯ ಯಂತ್ರದಲ್ಲಿ ಹಕ್ಕಿ ಇನ್ನೂ ಇದೆಯಾ ಎಂದು ಕೇಳಿದಳು. ಅವನು, ಇದೆ, ತೆಗೆಯಲು ಅಪ್ಪ ಎಷ್ಟೋ ಸಲ ಹೇಳಿದ್ದರು, ತನ್ನಿಂದ ಆಗಲಿಲ್ಲ, ಕ್ಷಮಿಸಿ ಎಂದ. ನವ್ಯಾ ಪರೀಕ್ಷೆಗೆ ಸುಳ್ಯಕ್ಕೆ ಹೋಗಿದ್ದಾಳೆ, ಮನೆಯಲ್ಲಿ ಅಪ್ಪ ಅಮ್ಮ ಮಾತ್ರ ಎಂದು ಹೇಳಿ ತಂದೆಯ ನಂಬರ್ ಕೊಟ್ಟ.

ಭವಿತನ ತಂದೆ ಬೆಳ್ಯಪ್ಪ ಆಲೆಟ್ಟಿಯಲ್ಲಿ ಅಡಿಕೆ, ತೆಂಗು ಮಾಡಿಕೊಂಡಿದ್ದ ಗೌಡರು. ಝುಹ್ರಾ ಅವರನ್ನು ಒಮ್ಮೆ ಅಂಗಡಿಯಲ್ಲಿ ಕಂಡಿದ್ದಳು. ಹೆಸರು ಹೇಳಿದ ಕೂಡಲೇ ಅವರು ಅವಳಿಗೆ ಮಾತನಾಡಲು ಬಿಡದೆ ತಪ್ಪೊಪ್ಪಿಕೊಳ್ಳತೊಡಗಿದರು. ಯಂತ್ರ ಹಚ್ಚಿದಾಗಲೆಲ್ಲ ಯಾರ್ಯಾರದೋ ಕಾಗದ ಬಂದು ಬೀಳುತ್ತವೆ, ವೀಸಾ ಅಂತೆ, ಆಸ್ಪತ್ರೆ ಅಂತೆ. ಮೂಲೆಯಲ್ಲಿ ಹೆಸರು ಬರುತ್ತದೆ. ಮಗಳು ತೋರಿಸಿದ ದಿನವೇ ಮುಟ್ಟಬಾರದು ಎಂದು ಹೇಳಿದ್ದೇನೆ. ಪುತ್ತೂರಿಗೆ ಬಂದಾಗ ನಿಮಗೆ ಹೇಳಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ, ನಾಚಿಕೆಯಾಗಿ ಅಂಗಡಿಯ ಎದುರಿನಿಂದ ಹಾಗೆಯೇ ಹೋಗಿದ್ದೇನೆ ಎಂದರು.

"ಬೆಳ್ಯಪ್ಪಣ್ಣ, ಒಂದು ಉಪಕಾರ ಮಾಡ್ಬೇಕು," ಎಂದಳು ಝುಹ್ರಾ. "ಆ ಕಾಗದಗಳಲ್ಲಿ ಒಂದನ್ನು ನೀವು ತೆರೀಬೇಕು."

ಬೆಳ್ಯಪ್ಪ ಕೂಡಲೇ ಒಪ್ಪಲಿಲ್ಲ. ಅದು ಯಾರದ್ದು, ಅವರಿಗೆ ಗೊತ್ತುಂಟಾ ಎಂದು ಕೇಳಿದರು. ಝುಹ್ರಾ ಸಂಗತಿಯೆಲ್ಲ ಹೇಳಿ, ಓಡಿಹೋಗಿ ಆಯಿಶಮ್ಮನವರ ಕೈಗೆ ಫೋನ್ ಕೊಟ್ಟಳು. ನನ್ನ ಮಗನ ಮಾತು, ನೀವು ತೆರೆಯಬಹುದು ಎಂದು ಆಯಿಶಮ್ಮ ತಮಗೆ ಬರುವಷ್ಟು ತುಳುವಿನಲ್ಲಿ ಹೇಳಿದ ಮೇಲೆಯೇ ಅವರು ಯಂತ್ರ ಹಚ್ಚಿದ್ದು.

ಅದು ಎದ್ದು ಬರುವಷ್ಟರಲ್ಲಿ ಇಲ್ಲಿ ಚಪ್ಪರ ತುಂಬಿತ್ತು. ಹುಡುಗನ ಕಡೆಯವರು ಬಂದು ಕೂತಾಗಿತ್ತು. ಆಲೆಟ್ಟಿಯಲ್ಲಿ ಹಕ್ಕಿ ಎದ್ದಿತು, ಆದರೆ ಸಂಪರ್ಕ ಸಿಗುತ್ತಿಲ್ಲ ಎಂಬ ಪೆಟ್ಟಿಗೆಯೊಂದು ಎದುರು ಬಂದು ನಿಂತಿತು. ಅದರ ಇಂಗ್ಲಿಷನ್ನು ಬೆಳ್ಯಪ್ಪ ಅಕ್ಷರ ಕೂಡಿಸಿ ಓದಿ ಹೇಳಿದಾಗ ಝುಹ್ರಾ ಇದೂ ಕೈಕೊಟ್ಟಿತು ಎಂದುಕೊಂಡಳು. ಆಮೇಲೆ ಧೈರ್ಯ ತಂದುಕೊಂಡಳು. ಹೊಸತು ಬರುವುದಿಲ್ಲ, ಆದರೆ ಮೊನ್ನೆಯೇ ಬಂದು ಬಿದ್ದದ್ದು ಎಲ್ಲಿಗೂ ಹೋಗಿರುವುದಿಲ್ಲ. ಆ ಪೆಟ್ಟಿಗೆ ಮುಚ್ಚಿಬಿಡಿ, ಕೆಳಗೆ ಪಟ್ಟಿ ಉಂಟಲ್ಲ, ಅದರಲ್ಲಿ ಆಫ್ರಾ ನಿಕಾಹ್ ಎಂದು ಬರೆದದ್ದು ಹುಡುಕಿ ಎಂದಳು. ಅತ್ತ ಕಡೆಯಿಂದ ಸದ್ದಿಲ್ಲ. ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ, ಉಳಿದವರದ್ದು ಕಣ್ಣಿಗೆ ಬೀಳದಂತೆ ದುಗ್ಗಮ್ಮ ಪರದೆಗೆ ಪೇಪರ್ ಅಡ್ಡ ಹಿಡಿದಿದ್ದಾಳೆ, ಒಂದೊಂದೇ ಸಾಲು ಇಳಿಸಿ ನೋಡುತ್ತಿದ್ದೇವೆ ಎಂದರು. ದುಗ್ಗಮ್ಮ ಅವರ ಹೆಂಡತಿ. ಖತೀಬರು ಎದ್ದು ಬರುವ ಹೊತ್ತಾಗಿತ್ತು, ಝುಹ್ರಾಳಿಗೆ ಕೂಗಿ ಬೈಯಬೇಕೆನಿಸಿತು. ಆದರೆ ಆ ಗಂಡ ಹೆಂಡತಿ ಕಾಯುತ್ತಿದ್ದದ್ದು ತಾನು ಕಾಯಬೇಕಾಗಿದ್ದ ಮಾನವನ್ನೇ ಎಂಬುದು ತಕ್ಷಣ ಹೊಳೆದು ತುಟಿ ಕಚ್ಚಿಕೊಂಡಳು.

"ಸಿಕ್ಕಿತು," ಎಂದರು ಬೆಳ್ಯಪ್ಪ. "ಕೆಳಗೆ ಒಂದು ಪಿನ್ನಿನ ಚಿತ್ರ ಉಂಟು."

ಪಿನ್ನಿನ ಪಕ್ಕದ ಆ ರೆಕಾರ್ಡನ್ನು ಫೋನಿಗೆ ಕಳಿಸುವುದು ಹೇಗೆಂದು ಹೇಳಿಕೊಡಲು ಹೊತ್ತಿರಲಿಲ್ಲ, ಅವರಿಗೆ ಅದು ಬರುವಂತೆಯೂ ಇರಲಿಲ್ಲ. ಝುಹ್ರಾ ಬೇರೆ ದಾರಿ ಹಿಡಿದಳು. ಯಂತ್ರದ ಸ್ಪೀಕರಿನ ಎದುರು ಫೋನ್ ಹಿಡಿದು ನಿಲ್ಲಿ, ನಾನು ಹೇಳಿದಾಗ ಅದರ ಮೇಲೆ ಎರಡು ಸಲ ಒತ್ತಿ, ಫೋನ್ ಮಾತ್ರ ಇಡಬೇಡಿ ಎಂದಳು. ತನ್ನ ಮೊಬೈಲನ್ನು ಇಲ್ಲಿಯ ದೊಡ್ಡ ಸ್ಪೀಕರಿಗೆ ಜೋಡಿಸಿ ಸಫೀರನ ಕೈಯಲ್ಲಿ ಖತೀಬರ ಮುಂದೆ ಕಳಿಸಿದಳು. ಆಫ್ರಾಳ ಮೊಬೈಲಿನಿಂದ ಬೆಳ್ಯಪ್ಪನ ಮನೆಯ ಇನ್ನೊಂದು ಫೋನಿಗೆ ಹಚ್ಚಿ ದುಗ್ಗಮ್ಮನನ್ನು ಕರೆದಳು. ಖತೀಬರು ತಲೆಯಾಡಿಸಿದ್ದನ್ನು ಕಿಟಕಿಯಿಂದ ನೋಡಿ, ಈಗ ಒತ್ತಲಿ ಎಂದಳು.

ಒಂದು ಕ್ಷಣ ಆಲೆಟ್ಟಿಯ ಮನೆಯ ಫ್ಯಾನಿನ ಸದ್ದು ಇಚಿಲಂಪಾಡಿಯ ಚಪ್ಪರದಲ್ಲಿ ಕೇಳಿತು. ಯಾರೋ ಅದನ್ನು ಆರಿಸಿದರು. ಆಮೇಲೆ ಸಾಬಿತ್ ಸಲಾಂ ಹೇಳಿದ.

ಖತೀಬರು ಮುಖವೆತ್ತಿ ಮುಗುಳ್ನಕ್ಕು ಸಲಾಮಿಗೆ ಉತ್ತರ ಕೊಟ್ಟರು, ಇದು ಅವನದ್ದೇ ಸ್ವರ ಎಂದು ಪಕ್ಕದ ಸಾಕ್ಷಿಗಳಿಗೆ ಹೇಳಿದರು. ಬ್ಯಾರಿ ಭಾಷೆಯಲ್ಲಿ, ಒಂದೊಂದೇ ಮಾತನ್ನು ಬಿಡಿಸಿ, ತನ್ನ ಮಗಳು ಆಫ್ರಾಳನ್ನು ಇಂಥವರ ಮಗನಿಗೆ ನಿಕಾಹ್ ಮಾಡಿಕೊಡಲು ನಿಮಗೆ ವಕಾಲತ್ ಕೊಟ್ಟಿದ್ದೇನೆ ಎಂದು ಸಾಬಿತ್ ಹೇಳಿದ. ಹೇಳಿ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. ತಾಯಿಯನ್ನು ಕರೆದು, ಉಮ್ಮಾ, ನೀವು ಆಫ್ರಾಳ ಪಕ್ಕದಲ್ಲೇ ಕೂತುಕೊಳ್ಳಿ, ನನ್ನ ಜಾಗ ಖಾಲಿ ಬಿಡಬೇಡಿ, ಮತ್ತೆ ಬಿರಿಯಾನಿಗೆ ಅಕ್ಕಿ ಹೆಚ್ಚು ಬೇಯಿಸದ ಹಾಗೆ ನೋಡಿಕೊಳ್ಳಲು ಹೇಳಿ ಎಂದ. ಚಪ್ಪರದ ಗಂಡಸರು ನಕ್ಕರು. ಒಳಗೆ ಆಯಿಶಮ್ಮ ಆಫ್ರಾಳ ಕೈ ಹಿಡಿದು ಅವಳ ಪಕ್ಕಕ್ಕೆ ಸರಿದು ಕೂತರು, ಇಬ್ಬರೂ ಅತ್ತರು. ಝುಹ್ರಾಳೂ ಅತ್ತಳು, ಅವಳಿಗೆ ಅದು ಸಂಕೋಚವೆನಿಸಲಿಲ್ಲ. ಖತೀಬರು ನಿಕಾಹ್ ನಡೆಸಿದರು, ಹುಡುಗ ಒಪ್ಪಿದ ಮಾತು ಹೇಳಿದ, ಎಲ್ಲರೂ ಕೈಯೆತ್ತಿ ದುವಾ ಮಾಡಿದರು.

ದುವಾ ಮುಗಿದು ಚಪ್ಪರ ನಿಶ್ಶಬ್ದವಾಗಿದ್ದಾಗ ದೊಡ್ಡ ಸ್ಪೀಕರಿನಿಂದ ಅಂಜುತ್ತಂಜುತ್ತ ಒಂದು ಸ್ವರ ಬಂತು.

"ಝುಹ್ರಾ ಅವ್ರೇ, ನಾನು ಇನ್ನು ಇಡ್ಲಾ?"

ಅಷ್ಟು ಹೊತ್ತೂ ಬೆಳ್ಯಪ್ಪ ಆಲೆಟ್ಟಿಯ ಮನೆಯಲ್ಲಿ ಸ್ಪೀಕರಿನ ಎದುರು ಫೋನ್ ಹಿಡಿದುಕೊಂಡು ನಿಂತೇ ಇದ್ದರು. ಇಡಬೇಡಿ ಎಂದವಳು ಇಡಿ ಎಂದು ಹೇಳಲು ಮರೆತಿದ್ದಳು. ಖತೀಬರು ತಾವೇ ಮೊಬೈಲ್ ಕೈಗೆ ತೆಗೆದುಕೊಂಡು, ನಿಮ್ಮಿಂದ ಇವತ್ತು ಒಬ್ಬ ತಂದೆ ಇಲ್ಲಿಗೆ ಬಂದ ಹಾಗಾಯಿತು, ನಿಮಗೆ ಒಳ್ಳೆಯದಾಗಲಿ ಎಂದರು. ಅದಕ್ಕೆ ಬೆಳ್ಯಪ್ಪ, ಆಯಿತು ಆಯಿತು, ಅದರಲ್ಲಿ ಎಂತ ಉಂಟು ಎಂದು ಗಡಿಬಿಡಿಯಲ್ಲಿ ಫೋನ್ ಇಟ್ಟರು. ಮೇಲ್ ಕಂಪನಿಯ ಚಕ್ರ ನಿಂತದ್ದು ಸಂಜೆಗೆ. ಆಗ ಅದು ಯಾರಿಗೂ ಬೇಕಿರಲಿಲ್ಲ.

ಮುಂದಿನ ವಾರ ಝುಹ್ರಾ ಅಂಗಡಿಗೆ ಬಂದವರನ್ನೆಲ್ಲ ಕೂರಿಸಿ ನಡೆದದ್ದನ್ನು ಹೇಳಿದಳು. ನಿಮ್ಮ ಕಾಗದಗಳು ಎರಡು ವರ್ಷ ಇನ್ನೊಬ್ಬರ ಮನೆಗೆ ಹೋಗಿವೆ, ತಪ್ಪು ನನ್ನದು ಎಂದಳು. ಕೆಲವರು ಮುಖ ಗಂಟಿಕ್ಕಿದರು. ಅದು ಅವರ ಹಕ್ಕು. ಹೆಚ್ಚಿನವರು ಆ ಗೌಡರು ಓದಿದರಾ ಎಂದು ಕೇಳಿದರು, ಇಲ್ಲವೆಂದ ಮೇಲೆ ಸುಮ್ಮನಾದರು. ಅವಳು ಎಲ್ಲರಿಗೂ ಒಬ್ಬೊಬ್ಬರದ್ದೇ ವಿಳಾಸ ಮಾಡಿಕೊಡಲು ಶುರುಮಾಡಿದಳು. ಅವರು ಈಗಲೂ ಮರೆಯುತ್ತಾರೆ, ಇವಳು ಈಗಲೂ ಗೊಣಗುತ್ತಾಳೆ. ಅಂಗಡಿಯ ಯಂತ್ರಕ್ಕೆ ಭವಿತ್ ಹಕ್ಕಿಯನ್ನು ಹಾಕಿಕೊಟ್ಟ. ಈ ಸಲ ನಾಳೆ ಎನ್ನಲಿಲ್ಲ. ಯಾರು ಯಾರೋ ಕಾಣದ ದೇಶದಲ್ಲಿ ಕೂತು ಇದನ್ನು ಬರೆದು ಹೀಗೆ ಊರಿಗೆಲ್ಲ ಹಂಚಿದ್ದಾರಲ್ಲ, ಅವರ ಹೆಸರೂ ಗೊತ್ತಿಲ್ಲ ಎಂದು ಝುಹ್ರಾ ಅವನಿಗೆ ಹೇಳಿದಳು. ಹೇಳುವಾಗ ಅವಳ ಮನಸ್ಸು ತುಂಬಿತ್ತು.

ಆಮೇಲೆ ಒಂದು ದಿನ ಆಯಿಶಮ್ಮನವರನ್ನೂ ಭವಿತನನ್ನೂ ಕರೆದುಕೊಂಡು ಆಲೆಟ್ಟಿಗೆ ಹೋದಳು. ಆಯಿಶಮ್ಮ ಅಕ್ಕಿರೊಟ್ಟಿ ಕಟ್ಟಿಸಿಕೊಂಡಿದ್ದರು. ದುಗ್ಗಮ್ಮ ಚಹಾ ಮಾಡಿದರು. ಕಂಪ್ಯೂಟರ್ ಒಳಕೋಣೆಯಲ್ಲಿತ್ತು, ಪರದೆಯ ಕೆಳಗಿನ ಬಲಮೂಲೆಗೆ ಹಳೆಯ ಮದುವೆ ಕಾಗದದ ಒಂದು ಚೌಕ ತುಂಡನ್ನು ಅಂಟಿಸಿದ್ದರು. ಇದೆಂತ ಎಂದು ಝುಹ್ರಾ ಕೇಳಿದಳು. ಆ ಮೂಲೆಯಲ್ಲಿ ಹೆಸರುಗಳು ಎದ್ದು ಬರುತ್ತಿದ್ದವಲ್ಲ, ಓದುವ ಹುಡುಗಿಯ ಕಣ್ಣಿಗೆ ಅವು ಬೀಳಬಾರದು ಎಂದು ತಾನೇ ಅಂಟಿಸಿದ್ದು, ಎರಡು ವರ್ಷವೂ ಹಾಗೆಯೇ ಇತ್ತು ಎಂದರು ಬೆಳ್ಯಪ್ಪ. ಹೇಳುವಾಗಲೂ ತಪ್ಪು ಮಾಡಿದವರ ಮುಖ. ಝುಹ್ರಾ ಬಗ್ಗಿ ಆ ತುಂಡನ್ನು ಬೆರಳಿನಿಂದ ಮುಟ್ಟಿದಳು. ಕೃತಜ್ಞತೆ ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಸಣ್ಣವೆನಿಸಿದವು.

ಭವಿತ್ ಕಾಗದವನ್ನು ಕಿತ್ತು ಪಕ್ಕಕ್ಕಿಟ್ಟು ಕೂತ. ಅಂಗಡಿಯ ಖಾತೆಯನ್ನೂ ಬಂದು ಬಿದ್ದಿದ್ದ ಎಲ್ಲರ ಮೇಲ್‌ಗಳನ್ನೂ ಯಂತ್ರದಿಂದ ತೆಗೆದ. ಸಾಬಿತನವು ಮಾತ್ರ ಉಳಿದವು. ಇವನ್ನೂ ಝುಹ್ರಕ್ಕನ ಯಂತ್ರಕ್ಕೆ ಕಳಿಸಿ ತೆಗೆದುಬಿಡಲೇ ಎಂದು ಕೇಳಿದ. ಬೆಳ್ಯಪ್ಪನವರು ಹಗುರವಾದವರಂತೆ ಹೂಂ ಎನ್ನುತ್ತಿದ್ದರು. ಚಹಾ ಕುಡಿಯುತ್ತಿದ್ದ ಆಯಿಶಮ್ಮ ಲೋಟ ಕೆಳಗಿಟ್ಟರು.

"ಅಲ್ಲಿಗೆ ಕಳಿಸು ಮಗ, ಆದ್ರೆ ಇಲ್ಲಿಂದ ತೆಗೀಬೇಡ," ಎಂದರು. "ಇನ್ನು ಬರುದು ಕೂಡ ಇಲ್ಲಿಗೂ ಬರ್ಲಿ. ನನ್ನ ಮಗ ಈ ಮನೆಯಲ್ಲೂ ಇರ್ಲಿ."

ಭವಿತ್ ತಂದೆಯ ಮುಖ ನೋಡಿದ. ಬೆಳ್ಯಪ್ಪ ತಲೆಯಾಡಿಸಿದ ಮೇಲೆ, ಆಯಿಶಮ್ಮನವರ ಹೆಸರಿನಲ್ಲಿ ಮಾಡಿದ್ದ ಹೊಸ ವಿಳಾಸವನ್ನು ಆ ಯಂತ್ರದ ಹಕ್ಕಿಗೂ ಜೋಡಿಸಿದ. ಅವನು ಎದ್ದ ಮೇಲೆ ಬೆಳ್ಯಪ್ಪ ಬಂದು ಮೇಜಿನ ಮೇಲಿದ್ದ ಮದುವೆ ಕಾಗದದ ತುಂಡನ್ನು ತೆಗೆದುಕೊಂಡರು, ಹೊಸ ಅಂಟುಪಟ್ಟಿ ಹಚ್ಚಿ ಪರದೆಯ ಮೂಲೆಗೆ ಅದನ್ನು ಮತ್ತೆ ಅಂಟಿಸಿದರು.